ಮುರಿಯಲೆಂದೇ ಕಟ್ಟಿದ ರೆಕ್ಕೆ

"ಇದರಲ್ಲೇನೂ ಇಲ್ಲ ಮೇಡಂ, ಬರೀ ಗೀಚಾಟ," ಎಂದು ಸಬ್‌ಇನ್‌ಸ್ಪೆಕ್ಟರ್ ಅತುಲ್ ಜಾಧವ ಮರಾಠಿಯಲ್ಲಿ ಹೇಳಿ, ಪ್ಲಾಸ್ಟಿಕ್ ಚೀಲದಿಂದ ಸಣ್ಣ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಹೆಣದ ಜೇಬಿನಲ್ಲಿ ಸಿಕ್ಕಿದ್ದು. ಯಾವ ಲಿಪಿಯೋ, ಠಾಣೆಯಲ್ಲಿ ಯಾರಿಗೂ ತಿಳಿಯಲಿಲ್ಲ."

ನಿರುಪಮಾ ಪುಟ ಬಿಡಿಸಿದಳು.

೧೪೮, ೧೫೧, ೧೪೭, ೧೫೦...

"ಕನ್ನಡದ ಅಂಕಿ," ಎಂದಳು. ಹತ್ತು ದಿನ ಈ ನೋಟ್‌ಬುಕ್ಕು ಠಾಣೆಯ ಕಪಾಟಿನಲ್ಲಿ ಬಿದ್ದಿತ್ತು. ಅದನ್ನು ಓದಬಲ್ಲ ತಾನು ಅದೇ ಊರಿನಲ್ಲಿ, ಎರಡು ಮೈಲಿ ದೂರದಲ್ಲಿ ಕುಳಿತಿದ್ದಳು.

ಪರೀಕ್ಷಾ ಶೆಡ್ಡಿನ ಅಟ್ಟಣಿಗೆಯಿಂದ ಬಿದ್ದು ಸತ್ತ ಎಂಜಿನಿಯರ್ ಧರ್ಮಣ್ಣನದು ಅಪಘಾತವೆಂದು ಪೊಲೀಸರು ಬರೆದು ಮುಗಿಸಿದ್ದರು. ವಿಮಾನ ಸುರಕ್ಷಾ ಇಲಾಖೆಯ ತನಿಖಾಧಿಕಾರಿ ನಿರುಪಮಾ ಅದನ್ನು ನಂಬಿರಲಿಲ್ಲ.

ನಂಬದಿರಲು ಅವಳಿಗೊಂದು ಕಾರಣವಿತ್ತು. ಅದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ಸಾಯುವ ಹಿಂದಿನ ದಿನ, ಶುಕ್ರವಾರ ಸಂಜೆ, ಧರ್ಮಣ್ಣ ಅವಳಿಗೆ ಫೋನ್ ಮಾಡಿದ್ದ. ಅವನ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು. "ಮೇಡಂ, ನೀವು ಕಲಬುರಗಿ ಕಡಿಯವರಂತ ಕೇಳ್ದೆ. ನಾ ಭಾಲ್ಕಿಯಂವ. ನಿಮಗ ಒಂದು ಮಾತು ಹೇಳೂದದ, ಭಾಳ ಅರ್ಜೆಂಟ್ ಅದರಿ," ಎಂದಿದ್ದ. ಕೆಲಸಕ್ಕೆ ಸೇರಿಸಿ ಎಂದು ಕೇಳುವವರು ಹೀಗೇ ಊರಿನ ಹೆಸರು ಹಿಡಿದು ಮಾತು ತೆಗೆಯುತ್ತಾರೆ. ಅವಳು, "ಸೋಮವಾರ ಆಫೀಸಿಗೆ ಬರ್ರಿ," ಎಂದು ಇಟ್ಟುಬಿಟ್ಟಿದ್ದಳು.

ಶನಿವಾರ ಅವನು ಸತ್ತ.

ಅವರು ಕುಳಿತಿದ್ದ ಕೋಣೆಯ ಗಾಜಿನಾಚೆ ಆ ಶೆಡ್ಡು ಕಾಣುತ್ತಿತ್ತು. ನಾಸಿಕದ ಹೊರಗೆ, ದ್ರಾಕ್ಷಿ ತೋಟಗಳ ನಡುವೆ ಅಂಬರ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದ ಶೆಡ್ಡು. ಒಳಗೆ, ಉಕ್ಕಿನ ಚೌಕಟ್ಟಿನಲ್ಲಿ ತೊಂಬತ್ತು ಸೀಟಿನ 'ಕ್ರೌಂಚ' ಜೆಟ್ ವಿಮಾನದ ಒಂದು ಜೊತೆ ರೆಕ್ಕೆ. ಇದು ಹಾರುವ ರೆಕ್ಕೆಯಲ್ಲ. ಆಕಾಶದಲ್ಲಿ ಎಂದಾದರೂ ಬೀಳಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹಾಕಿ ಇದನ್ನು ಎಳೆಯುತ್ತಾರೆ. ಮೂರು ಸೆಕೆಂಡ್ ತಾಳಿದರೆ ಪಾಸು. ಆಮೇಲೂ ಬಿಡುವುದಿಲ್ಲ, ಮುರಿಯುವವರೆಗೂ ಎಳೆಯುತ್ತಾರೆ. ಮುರಿಯಲೆಂದೇ ಕಟ್ಟಿದ ರೆಕ್ಕೆ.

ಆ ಪರೀಕ್ಷೆ ಬರುವ ಮಾರ್ಚಿನಲ್ಲಿ. ಹಾರುವ ವಿಮಾನ ಬೇರೆ ಶೆಡ್ಡಿನಲ್ಲಿ ಸಿದ್ಧವಾಗಿ ನಿಂತಿತ್ತು. ಅದರ ಮೊದಲ ಹಾರಾಟ ನಾಳೆ, ಗುರುವಾರ.

ನಿರುಪಮಾ ಅಂಕಿಗಳನ್ನು ಎಣಿಸಿದಳು. ಇಪ್ಪತ್ತನಾಲ್ಕು. ರೆಕ್ಕೆಯನ್ನು ವಿಮಾನದ ಒಡಲಿಗೆ ಹಿಡಿದಿಡುವ ಲೋಹದ ಜೋಡುತುಂಡುಗಳೂ ಇಪ್ಪತ್ತನಾಲ್ಕೇ. ಧರ್ಮಣ್ಣ ಒಂದೊಂದರ ಗಡಸುತನವನ್ನೂ ಅಳೆದು ಬರೆದಿದ್ದ.

"ಎಷ್ಟಿರಬೇಕು?" ಎಂದ ಅತುಲ್.

"ನೂರ ನಲವತ್ತಕ್ಕಿಂತ ಮೇಲೆ."

ಅತುಲ್ ಅವಳ ಬೆರಳಿನ ಹಿಂದೆಯೇ ಸಾಲುಗಳನ್ನು ನೋಡಿದ. "ಹಾಗಾದರೆ ಎಲ್ಲವೂ ಸರಿಯಾಗಿಯೇ ಇವೆ. ಸರಿಯಾಗಿದ್ದುದನ್ನು ಕಂಡುಹಿಡಿದವನನ್ನು ಯಾರು ಕೊಲ್ಲುತ್ತಾರೆ ಮೇಡಂ?"

ಮುಂದಿನ ಪುಟದಲ್ಲಿ ಪೆನ್ಸಿಲ್ ಉಜ್ಜಿದ ಗುರುತಿತ್ತು. ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯುವ ಹಾಗೆ, ಧರ್ಮಣ್ಣ ಒಂದು ತುಂಡಿನ ಮೈಮೇಲಿದ್ದ ನಂಬರಿನ ಅಚ್ಚು ತೆಗೆದಿದ್ದ: 1177. ಸುತ್ತ ಸಣ್ಣ ಗೆರೆಗಳು, ಅರ ಹಾಕಿ ಉಜ್ಜಿದಂತೆ.

ಕೊನೆಯ ಪುಟದಲ್ಲಿ ಒಂದೇ ಸಾಲು. 'ಕನ್ನಡಕ್ಕೆ ಹೋಗಿ ಕೇಳಬೇಕು.'

"ಕನ್ನಡಕ್ಕೆ ಅಂದರೆ? ಕನ್ನಡದಲ್ಲಿ ಯಾರನ್ನ ಕೇಳೋದು?" ಎಂದು ಅವಳು ತನಗೆ ತಾನೇ ಅಂದುಕೊಂಡಳು.

ಅತುಲ್ ನಕ್ಕ. "ನಿಮಗೆ ಅದು ಭಾಷೆ ಮೇಡಂ, ನಮಗೆ ಅದು ಊರು. ಸಂಭಾಜಿನಗರದ ಆಚೆ, ತಾಲೂಕು." ಚೀಲದ ತಳದಿಂದ ಮುದುರಿದ ಎಸ್‌.ಟಿ. ಬಸ್ ಟಿಕೆಟೊಂದನ್ನು ತೆಗೆದ. ಶುಕ್ರವಾರದ ತಾರೀಖು. "ಇದನ್ನು ಮೊದಲೇ ನೋಡಬೇಕಿತ್ತು," ಎಂದಾಗ ಅವನ ಮುಖದಲ್ಲಿ ನಗುವಿರಲಿಲ್ಲ.

*

ಕನ್ನಡ ಊರಿನಲ್ಲಿ ಯಾರನ್ನು ಕೇಳಬೇಕು ಎಂಬುದು, ಅದೇ ಮುಂಜಾನೆ ಹೊರಟು ತಲುಪಿದ ಸಂಭಾಜಿನಗರದಲ್ಲಿ ತಿಳಿಯಿತು.

ಆ ಇಪ್ಪತ್ತನಾಲ್ಕು ತುಂಡುಗಳನ್ನು ಮಾಡಿಕೊಟ್ಟಿದ್ದು ಅಲ್ಲಿನ ವಾಳೂಜ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ದಾಖಲೆ ಕೋಣೆಯ ಶಬಾನಾ ಕಡತ ತೆರೆದಳು. 1177ನೇ ತುಂಡಿನ ಪ್ರಮಾಣಪತ್ರದ ಮೇಲೆ ತಪಾಸಣಾಧಿಕಾರಿಯ ಮೊಹರು, ಸಹಿ: ಗುರುಲಿಂಗಪ್ಪ. ಆದರೆ ಲೋಹವನ್ನು ಕಾಯಿಸಿ ಗಡಸು ಮಾಡುವ ಭಟ್ಟಿಯ ತಾಪ ಬರೆಯುವ ಉದ್ದನೆಯ ಕಾಗದ ಇರಬೇಕಾದ ಜಾಗ ಖಾಲಿ.

"ಗುರುಲಿಂಗಪ್ಪ ಸರ್ ಮೂವತ್ನಾಲ್ಕು ವರ್ಷ ಇಲ್ಲಿದ್ದರು," ಎಂದಳು ಶಬಾನಾ ಹಿಂದಿಯಲ್ಲಿ. "ಆರು ತಿಂಗಳ ಹಿಂದೆ ಒಂದು ದಿನ ರಾಜೀನಾಮೆ ಕೊಟ್ಟು ಹೋದರು. ಬೀಳ್ಕೊಡುಗೆಗೂ ಬರಲಿಲ್ಲ. ನಾವು ಶಾಲು, ಹಾರ ಎಲ್ಲ ತಂದಿದ್ದೆವು." ಸ್ವಲ್ಪ ತಡೆದು, "ಕಳೆದ ತಿಂಗಳು ನಾಸಿಕದಿಂದ ಒಬ್ಬ ಬಂದು ಇದನ್ನೇ ಕೇಳಿದ. ಅವನಿಗೂ ಕನ್ನಡದ ವಿಳಾಸವನ್ನೇ ಕೊಟ್ಟೆ. ಕೊಡಬಾರದಿತ್ತೇನೋ," ಎಂದಳು.

*

ಕನ್ನಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಣ್ಣು ಮೆತ್ತಿದ ಹಸಿಶುಂಠಿಯ ಚೀಲಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಪಕ್ಕದ ಮನೆಯ ಪಡಸಾಲೆಯಲ್ಲಿ, ಔಷಧಿ ಹೊಡೆಯುವ ಪಂಪೊಂದನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದ ಮುದುಕ ತಲೆಯೆತ್ತಿದ. ಹಣೆಯಲ್ಲಿ ವಿಭೂತಿ. ಮಧ್ಯಾಹ್ನದ ಎರಡು ಗಂಟೆ.

"ಗುರುಲಿಂಗಪ್ಪನವರು ನೀವೇ ಏನ್ರಿ?"

ಕನ್ನಡದ ಮಾತು ಕೇಳಿ ಅವರ ಮುಖ ಅರಳಿತು. ಅವಳ ಹಿಂದೆ ಖಾಕಿ ಕಂಡು ಮತ್ತೆ ಮುಚ್ಚಿತು. "ಹೌದ್ರಿ. ಬರ್ರಿ, ಕೂಡ್ರಿ."

ಅತುಲ್ ಬಾಗಿಲ ಬಳಿಯೇ ನಿಂತ. ಒಳಗಿನಿಂದ ಗುರುಲಿಂಗಪ್ಪನವರ ಹೆಂಡತಿ ಕಸ್ತೂರಿಬಾಯಿ ನೀರಿನ ತಂಬಿಗೆ ಹಿಡಿದು ಬಂದರು. "ಯಾ ಊರವ್ವಾ ನಿಂದು? ಕಲಬುರಗೀನ? ನಮ್ಮ ಕಡೀ ಮಾತು ಕೇಳಿ ಎಷ್ಟ ದಿನ ಆತು," ಎಂದವರೇ ಗೋಡೆಯ ಫೋಟೋ ತೋರಿಸಿದರು. "ನಮ್ಮ ಮಗಳು ಭಾಗ್ಯಶ್ರೀ. ನಾಸಿಕದಾಗ ವಿಮಾನದ ಕಂಪನ್ಯಾಗ ಇಂಜಿನಿಯರ್. ನಾಳಿ ಹೊಸಾ ವಿಮಾನ ಹಾರತದಲಾ, ಅದ್ರಾಗ ಈಕೀನೂ ಕುಂದ್ರತಾಳ."

ನಿರುಪಮಾ ಫೋಟೋ ನೋಡಿ ಬೆರಗಾದಳು. ರೆಕ್ಕೆ ಜೋಡಣೆಯ ವಿಭಾಗದಲ್ಲಿ ಆ ಹುಡುಗಿಯನ್ನು ಅವಳು ನಾಲ್ಕಾರು ಸಲ ನೋಡಿದ್ದಳು. ಹಾರಾಟದಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ, ಅಳತೆ ಯಂತ್ರಗಳ ಮುಂದೆ ಕೂರುವವಳು ಆಕೆಯೇ. ಸದಾ ಮರಾಠಿಯಲ್ಲೇ ಮಾತು. ಕನ್ನಡದ ಮನೆಯವಳೆಂದು ತಿಳಿಯಲು ದಾರಿಯೇ ಇರಲಿಲ್ಲ.

"ಹನ್ನೆರಡ ದಿನದ ಹಿಂದ, ಶುಕ್ರವಾರ, ಧರ್ಮಣ್ಣ ಅಂತ ಒಬ್ಬಾಂವ ನಿಮ್ಮ ಕಡೆ ಬಂದಿದ್ನೇನ್ರಿ?" ಎಂದು ಗುರುಲಿಂಗಪ್ಪನವರನ್ನು ಕೇಳಿದಳು.

"ಇಲ್ಲ."

"ಬಂದಿದ್ನಲ್ರಿ," ಎಂದರು ಕಸ್ತೂರಿಬಾಯಿ. "ಭಾಲ್ಕಿ ಹುಡುಗ. ಒಂದು ತಾಸು ಹೊರಗ ನಿಂತಿದ್ದ. ಇವರು ಬಾಗಲಾ ತಗೀಲಿಲ್ಲ. ನಾನೇ ಹಿತ್ತಲಿಂದ ಹೋಗಿ ಭಕ್ಕರಿ, ಶೇಂಗಾ ಹಿಂಡಿ ಕೊಟ್ಟೆ. ಅರ್ಧಾ ತಿಂದು ಅರ್ಧಾ ಕಟಗೊಂಡು ಹೋದ. ಯಾಕವ್ವಾ, ಏನಾತು?"

"ಮರುದಿನ ಅಂವ ತೀರಿಕೊಂಡಾನ್ರಿ."

ಗುರುಲಿಂಗಪ್ಪ ಪಂಪಿನ ವಾಷರನ್ನು ಕೆಳಗಿಟ್ಟರು. ಮತ್ತೆ ತೆಗೆದುಕೊಂಡರು. ಮತ್ತೆ ಇಟ್ಟರು.

"ಮ್ಯಾಲಿಂದ ಬಿದ್ದ ಅಂತಾರ," ಎಂದಳು ನಿರುಪಮಾ. "ನನಗೂ ಅವತ್ತ ಸಂಜೀಕ ಫೋನ್ ಮಾಡಿದ್ದ. ಸೋಮವಾರ ಬಾ ಅಂದೆ. ನೀವು ಬಾಗಲಾ ತಗೀಲಿಲ್ಲ, ನಾ ಫೋನ್ ಇಟ್ಟೆ. ಇಬ್ರೂ ಒಂದೇ ಕೆಲಸಾ ಮಾಡೀವಿ. ಅದಕ್ಕ ನಿಮ್ಮನ್ನ ಬೈಲಿಕ್ಕೆ ಬಂದಿಲ್ಲ ಸರ್. ಖರೇ ಏನದ ಹೇಳ್ರಿ."

ಗುರುಲಿಂಗಪ್ಪ ತೀರಾ ಮೆಲ್ಲಗೆ ಮಾತು ತೆಗೆದರು.

"ಮೂವತ್ನಾಕ ವರ್ಷ ಪರದೇಶದವರ ಡ್ರಾಯಿಂಗ್ ನೋಡಿ ಅವರ ವಿಮಾನಕ್ಕ ತುಂಡು ಮಾಡಿ ಕಳಿಸೀನಿ. ಒಂದೂ ವಾಪಸ್ ಬಂದಿಲ್ಲ. ಕ್ರೌಂಚದ ಡ್ರಾಯಿಂಗ್ ಬಂದಾಗ ಅದರ ಮೂಲ್ಯಾಗ ನಾಸಿಕ ಅಂತ ಬರದಿತ್ತು. ಅದನ್ನ ಓದಿ ನನಗ ಕಣ್ಣಾಗ ನೀರ ಬಂತು ನೋಡ್ರಿ. ನಮ್ಮದು ಅನ್ನೂವಂಥಾದ್ದು ಒಂದು ಜೆಟ್ಟು."

"ಆಮ್ಯಾಲ?"

"ಮೊದಲನೇ ಇಪ್ಪತ್ನಾಕ ತುಂಡು ಭಟ್ಟ್ಯಾಗ ಇದ್ದಾಗ ಕರೆಂಟ್ ಹೋತು. ಜನರೇಟರೂ ಹತ್ತಲಿಲ್ಲ. ನಲವತ್ತ ಮಿನಿಟು. ಒಳಗಿನ ಕಾವು ಇಳೀತು. ಹಂಗಾದ್ರ ಲೋಹ ಮೆತ್ತಗಾಗತದ. ಅಷ್ಟೂ ಮೋಡಿಗೆ, ಅಂದ್ರ ಗುಜರಿಗೆ ಹಾಕಬೇಕು. ಮ್ಯಾನೇಜರ್ ಬಂದು ಕೈ ಹಿಡದ. ಈಗ ತಡಾ ಆದ್ರ ಗಿರಾಕಿ ಎಲ್ಲಾ ಹಳೇ ದೊಡ್ಡ ಕಂಪನಿಗೋಳ ಕಡೀಗೆ ಹೋಗತಾರ, ಕ್ರೌಂಚ ಇಲ್ಲೇ ಸಾಯತದ ಅಂದ. ಇವು ಹಾರೂದಲ್ಲ, ಪರೀಕ್ಷಾ ರೆಕ್ಕೀಗೆ ಹಾಕ್ತಾರ, ಪರೀಕ್ಷಾ ಮಾಡೂಕಿಂತ ಮೊದಲ ಬದಲಸ್ತೀವಿ, ಜೋಡಸೂ ಕೆಲಸಾ ನಿಲ್ಲಬಾರದು ಅಷ್ಟೇ ಅಂದ."

"ನೀವು ಮೊಹರು ಹಾಕಿದ್ರಿ."

"ಹಾಕ್ದೆ. ಮುರೀಲಿಕ್ಕಂತನ ಕಟ್ಟೂ ರೆಕ್ಕಿ, ಯಾರ ಜೀವಾ ಹೋಗತದ ಅಂತ ಹಾಕ್ದೆ. ಅವತ್ತಿನಿಂದ ಆ ಕೈಲೇ ಲಿಂಗಪೂಜಿ ಮಾಡ್ಲಿಕ್ಕೆ ಮನಸ ಬರವಲ್ದು." ಕಸ್ತೂರಿಬಾಯಿ ಗಂಡನನ್ನೇ ನೋಡುತ್ತ ನಿಂತಿದ್ದರು. ಆರು ತಿಂಗಳಲ್ಲಿ ಈ ಮಾತು ಅವರ ಕಿವಿಗೂ ಬಿದ್ದಿರಲಿಲ್ಲ.

ನಿರುಪಮಾ ನೋಟ್‌ಬುಕ್ಕನ್ನು ಅವರ ಮುಂದಿಟ್ಟಳು. "ಪರೀಕ್ಷಾ ರೆಕ್ಕಿ ಮ್ಯಾಲಿನ ಇಪ್ಪತ್ನಾಕನ್ನೂ ಧರ್ಮಣ್ಣ ಅಳದಾನ. ನೋಡ್ರಿ."

ಗುರುಲಿಂಗಪ್ಪ ಕನ್ನಡಕ ಹಾಕಿಕೊಂಡು ಅಂಕಿಗಳ ಮೇಲೆ ಬೆರಳಾಡಿಸಿದರು. ಒಂದೊಂದು ಸಾಲಿಗೂ ಅವರ ಬೆನ್ನು ನೆಟ್ಟಗಾಗುತ್ತ ಬಂತು.

"ಎಲ್ಲಾ ಗಟ್ಟಿ ಅದಾವ! ಬದಲಸ್ಯಾರ! ಕಸ್ತೂರಿ, ಬದಲಸ್ಯಾರ ನೋಡು!" ಮುದುಕನ ಕಣ್ಣು ತುಂಬಿತು. "ನಾ ಸುಮ್ನ ಇಷ್ಟ ದಿನ..."

ಆ ಸಂತೋಷವನ್ನು ಕೆಡಿಸಲು ನಿರುಪಮಾಗೆ ಮನಸ್ಸಾಗಲಿಲ್ಲ. ಆದರೂ ಪುಟ ತಿರುಗಿಸಿ ಪೆನ್ಸಿಲ್ಲಿನ ಅಚ್ಚು ತೋರಿಸಿದಳು.

"ಇದು ನೀವು ಹೊಡದ ನಂಬರೇನ್ರಿ?"

ಅವರು ಕಾಗದವನ್ನು ಬೆಳಕಿಗೆ ಹಿಡಿದರು. "ನಂಬರ ನನ್ನ ತುಂಡಿಂದು. ಆದ್ರ ನಾ ಹೊಡದದ್ದಲ್ಲ. ನನ್ನ ಏಳರ ಪಂಚಿಗೆ ಬಾಲ ಮುರದಿತ್ತು. ಇಲ್ಲಿ ಬಾಲ ಪೂರಾ ಅದ." ಗೆರೆಗಳ ಮೇಲೆ ಉಗುರು ಎಳೆದರು. "ಹಳೇ ನಂಬರ ಅರದಿಂದ ತಿಕ್ಕಿ ತಗದಾರ. ಮ್ಯಾಲ ನನ್ನ ನಂಬರ ಹೊಡದಾರ."

"ಬದಲಸಿದ್ರ ಹೊಸಾ ನಂಬರೇ ಇರಬೇಕಲ್ರಿ. ಹಳೇದು ಯಾಕ ಹೊಡದ್ರು?"

ಗುರುಲಿಂಗಪ್ಪ ಕಾಗದವನ್ನು ಮತ್ತೆ ಬೆಳಕಿಗೆ ಹಿಡಿದರು.

"ಗಟ್ಟಿ ತುಂಡು ಒಟ್ಟು ಎಷ್ಟ ಮಾಡೀರಿ?"

"ಎರಡನೇ ಭಟ್ಟಿ ಒಂದೇ. ಇಪ್ಪತ್ನಾಕ."

"ಅವು ಯಾತಕ್ಕ ಹೋಗಬೇಕಿತ್ತು?"

"ಹಾರೂ ವಿಮಾನಕ್ಕ."

"ಆ ಇಪ್ಪತ್ನಾಕೂ ಈಗ ಪರೀಕ್ಷಾ ರೆಕ್ಕಿ ಮ್ಯಾಲ ಅದಾವ ಅಂದ್ರ," ನಿರುಪಮಾ ನಿಧಾನವಾಗಿ ಕೇಳಿದಳು, "ಹಾರೂ ವಿಮಾನದಾಗ ಏನದಾವ್ರಿ?"

ಓಣಿಯಲ್ಲಿ ಟೆಂಪೋ ಚಾಲೂ ಆಗಿ ಹೊರಟುಹೋಯಿತು. ಗುರುಲಿಂಗಪ್ಪ ಕೂತಲ್ಲೇ ಹಿಂದಕ್ಕೆ ವಾಲಿ ಗೋಡೆಗೆ ಒರಗಿದರು.

"ಆ ಹುಡುಗ ಇದನ್ನೇ ಕೇಳ್ಲಿಕ್ಕೆ ಬಂದಿದ್ದ," ಎಂದರು. "ಎಷ್ಟ ತುಂಡು ಮಾಡೀರಿ ಅಂತ ಅಷ್ಟೇ. ಕಿಡಕ್ಯಾಗಿಂದ ಕೂಗಿ ಕೇಳ್ದ. ಒಂದು ಮಾತು. ಇಪ್ಪತ್ನಾಕ ಅಂದಿದ್ರ ಅವ್ನಿಗೆ ಅವತ್ತೇ ಎಲ್ಲಾ ತಿಳೀತಿತ್ತು. ನಾ ಕಿಡಕೀನೂ ಮುಚ್ಚಿದೆ."

"ಭಾಗ್ಯಾಗ ಫೋನ್ ಹಚ್ಚರಿ!" ಎಂದು ಕಸ್ತೂರಿಬಾಯಿ ಚೀರಿದರು. ಅವರಿಗೆ ಲೋಹದ ಲೆಕ್ಕ ತಿಳಿದಿತ್ತೋ ಇಲ್ಲವೋ, ಗಂಡನ ಮುಖ ನೋಡಿಯೇ ತಿಳಿದಿತ್ತು. "ಮೊದಲ ಆಕೀಗೆ ಹಚ್ಚರಿ!"

ಅಷ್ಟರಲ್ಲಿ ಬಾಗಿಲ ಬಳಿಯಿದ್ದ ಅತುಲ್ ತನ್ನ ಮೊಬೈಲು ಹಿಡಿದೇ ಒಳಗೆ ಬಂದ. "ಮೇಡಂ, ನಾಸಿಕದಿಂದ ಫೋನ್. ನಾಳೆ ಗಾಳಿ ಜೋರಿದೆಯಂತೆ. ಹಾರಾಟ ಇವತ್ತಿಗೇ ತಂದಿದ್ದಾರೆ. ಮೂರು ಗಂಟೆಗೆ."

ಗೋಡೆಯ ಗಡಿಯಾರದಲ್ಲಿ ಎರಡೂ ಮುಕ್ಕಾಲು.

"ನಿಲ್ಲಿಸಿ ಅನ್ನಿ. ನನ್ನ ಹೆಸರು ಹೇಳಿ."

"ಹೇಳಿದೆ. ಪತ್ರಗಳೆಲ್ಲ ಸರಿಯಿವೆ, ಯಾವ ಆಧಾರದ ಮೇಲೆ ನಿಲ್ಲಿಸಲಿ, ಬರೆದು ಕೊಡಿ ಅಂತಿದ್ದಾರೆ."

ನಿರುಪಮಾ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು ಗುರುಲಿಂಗಪ್ಪನವರ ಮುಂದಿಟ್ಟಳು. ಇದನ್ನು ಬರೆದರೆ ಜೈಲು ತಪ್ಪದು ಎಂದು ಹೇಳಲು ಬಾಯಿ ತೆರೆದಳು. ಹೇಳಬೇಕಾಗಲಿಲ್ಲ. ಅವರು ಆಗಲೇ ಪೆನ್ನು ಕೇಳುತ್ತಿದ್ದರು. ಎರಡೇ ಸಾಲು ಬರೆದು, ಹೆಬ್ಬೆಟ್ಟನ್ನೂ ಒತ್ತಬೇಕೇ ಎಂದು ಕೇಳಿ, ಸಹಿ ಹಾಕಿದರು. ಅತುಲ್ ಅದರ ಫೋಟೋ ತೆಗೆದು ಕಳಿಸುತ್ತ ಅಂಗಳಕ್ಕೆ ಓಡಿದ.

ಕಸ್ತೂರಿಬಾಯಿ ಹಚ್ಚಿದ ಫೋನು ನಾಲ್ಕನೆಯ ಸಲಕ್ಕೆ ಹತ್ತಿತು. ಅವರು ಸ್ಪೀಕರ್ ಒತ್ತಿ ಗಂಡನ ಕೈಗಿಟ್ಟರು.

"ಪಪ್ಪಾ? ಲೌಕರ್, ಲಗೂನ ಹೇಳ್ರಿ, ಹೊಂಟೀನಿ." ಹಿಂದೆ ಎಂಜಿನ್ನಿನ ಸಣ್ಣ ಶಿಳ್ಳೆ.

"ಭಾಗ್ಯಾ, ಆ ವಿಮಾನ ಹತ್ತಬ್ಯಾಡವ್ವಾ. ಅದ್ರಾಗಿನ ತುಂಡು... ಅವು ಮೆತ್ತಗ ಅದಾವ. ನಾ ಸುಳ್ಳ ಮೊಹರು ಹಾಕೀನಿ. ನಿನ್ನ ಮುಂದ ಹೇಳಲಿಲ್ಲ. ನಂದು ತಪ್ಪಾತು ಮಗಳ."

"ನನಗ ಮಾಲೂಮ್ ಅದ ಪಪ್ಪಾ," ಎಂದಳು ಭಾಗ್ಯಶ್ರೀ. "ಅವನ್ನ ಅದಲ್‌ಬದಲ್ ಮಾಡಿದಾಕಿ ನಾನೇ."

ಗುರುಲಿಂಗಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದರು.

"ಪರೀಕ್ಷಾ ರೆಕ್ಕಿ ಫೇಲ್ ಆದ್ರ ಕ್ರೌಂಚ ಮುಗೀತಿತ್ತು. ನಿಮ್ಮ ಹೆಸರೂ ಹೊರಗ ಬರ್ತಿತ್ತು. ಮೊದಲನೇ ಹಾರಾಟದಾಗ ರೆಕ್ಕಿ ಮ್ಯಾಲ ಭಾರ ಭಾಳ ಕಮ್ಮಿ. ನಾ ಹಿಶೋಬ್ ಮಾಡೀನಿ, ತಡೀತದ. ಹೊಸಾ ತುಂಡು ಬಂದ ಮ್ಯಾಲ ಬದಲಸ್ತಿದ್ದೆ. ಅಲ್ಲಿತನಾ ನಾನೇ ಕುಂದ್ರಬೇಕು ಅಂತ ಕೇಳಿ ತಗೊಂಡೀನಿ. ದುಸ್ರಾ ಯಾರನ್ನ ಕುಂದ್ರಸಲಿ?"

"ಪೈಲಟ್‌ರಿಗೆ ಗೊತ್ತದೇನಮ್ಮ?" ಎಂದು ನಿರುಪಮಾ ಮುಂದೆ ಬಾಗಿ ಕೇಳಿದಳು. "ನಾನು ನಿರುಪಮಾ. ಸುರಕ್ಷಾ ಇಲಾಖೆ."

ಆಚೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ವಿಮಾನದ ಮೆಟ್ಟಿಲು ಹತ್ತುತ್ತಿರುವವಳ ಉಸಿರೋ, ಅಳು ತಡೆಯುತ್ತಿರುವವಳದೋ ಹೇಳುವಂತಿರಲಿಲ್ಲ.

"ಧರ್ಮಣ್ಣನ್ನ ನೀ ಏನ್ ಮಾಡಿದಿ ಭಾಗ್ಯಾ?" ಗುರುಲಿಂಗಪ್ಪನವರ ಧ್ವನಿ ಒಡೆದುಹೋಗಿತ್ತು.

"ನಾ ಏನೂ ಮಾಡಿಲ್ಲ ಪಪ್ಪಾ. ಅವ್ನ ಮುಂದ ಎಲ್ಲಾ ಒಪಗೊಳ್ಳಿಕ್ಕೆ ಮ್ಯಾಲ ಹೋಗಿದ್ದೆ. ಒಪಗೊಂಡೆ. ಇಬ್ರೂ ಕೂಡೇ ಹೋಗಿ ಹೇಳೂಣು ಅಂದ ಅಂವ." ಶಿಳ್ಳೆ ಈಗ ಗರ್ಜನೆಯಾಗುತ್ತಿತ್ತು, ಅವಳು ಕೂಗಿಯೇ ಹೇಳಬೇಕಾಯಿತು. "ಆದ್ರ ಅಟ್ಟಣಗಿ ಮ್ಯಾಲ ನಾವಿಬ್ರೇ ಇದ್ದಿಲ್ಲ. ಧರ್ಮಣ್ಣನ್ನ ದೂಡಿದ ಆ ಮೂರನೇ ಮನಶ್ಯಾ ಇವತ್ತ ನನ್ನ ಮುಂದ, ಪೈಲಟ್ ಸೀಟಿನ್ಯಾಗ ಕುಂತಾನ."

ಫೋನು ನಿಂತಿತು. ಅಂಗಳದಿಂದ ಅತುಲ್, ವಿಮಾನ ರನ್‌ವೇ ಕಡೆಗೆ ಹೊರಟಿದೆಯಂತೆ ಎಂದು ಕೂಗಿದ. ಗುರುಲಿಂಗಪ್ಪ ಆರಿಹೋದ ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು, "ಇಳಿ ಮಗಳ, ಇಳಿ," ಎನ್ನುತ್ತಲೇ ಇದ್ದರು.